ಗಂಟೆ ಯಾಕೆ ಹೊಡೆಯಿತು ಅಂತ ಹೇಳುವ ಗಿಟ್‌ಹಬ್

ಗಿಟ್‌ಹಬ್ ಅಂದರೆ ಪ್ರೋಗ್ರಾಮರ್‌ಗಳು ಕೋಡ್ ಇಟ್ಟು ಒಟ್ಟಿಗೆ ಕೆಲಸ ಮಾಡುವ ತಾಣ. ಅದರ ಬಗ್ಗೆ ಬರೆಯುವವರೆಲ್ಲ ಕೋಡ್ ಬಗ್ಗೆ ಬರೆಯುತ್ತಾರೆ. ನಾನು ಅದರ ನೋಟಿಫಿಕೇಶನ್ ಬಗ್ಗೆ ಮಾತ್ರ ಬರೆಯುತ್ತೇನೆ, ಯಾಕೆಂದರೆ ದಿನವಿಡೀ ನನ್ನ ತಲೆ ತಿನ್ನುವುದೂ ಅದೇ, ಕೆಲಸ ಉಳಿಸುವುದೂ ಅದೇ. ವ್ಯವಸ್ಥೆ ಚೆನ್ನಾಗಿ ಉಂಟು. ಆದರೆ 'ಇಲ್ಲಿ ಆಗುವುದನ್ನು ನನಗೆ ತಿಳಿಸು' ಅನ್ನುವ ವಾಚ್ ಬಟನ್ ಕಂಡಲ್ಲೆಲ್ಲ ಒತ್ತುವವರಿಗೆ ಅಲ್ಲ.

ಮಂಗಳೂರಿನ ಬೆಂದೂರ್‌ವೆಲ್‌ನ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ದೊಡ್ಡದೊಂದು ಓಪನ್ ಸೋರ್ಸ್ ರೆಪೊದಲ್ಲಿ (ಒಂದು ಪ್ರಾಜೆಕ್ಟಿನ ಕೋಡ್ ಇಡುವ ಜಾಗ) 'ಆಲ್ ಆಕ್ಟಿವಿಟಿ' ಆರಿಸಿಬಿಟ್ಟಿದ್ದ. ಊಟಕ್ಕೆ ಕೂತರೆ ಮೇಲ್ ಬಂದಾಗಲೆಲ್ಲ ಅವನ ಫೋನ್ ಗುರ್ ಗುರ್ ಅಂತ ಟೇಬಲ್ ಮೇಲೆ ಸರಿಯುತ್ತಾ ಸಾರಿನ ಬಟ್ಟಲಿನವರೆಗೆ ಬಂತು. "ಎಂತ ಮಾರಾಯ ಇದು?" ಅಂದೆ. "ಎಲ್ಲ ಗೊತ್ತಾಗ್ತಾ ಇರಲಿ ಅಂತ ಒತ್ತಿದ್ದು ಅಣ್ಣ" ಅಂದ. ಎಲ್ಲ ಅಂದರೆ ಅಲ್ಲಿ ನಿಜಕ್ಕೂ ಎಲ್ಲವೂ ಬರುತ್ತದೆ, ಜಗತ್ತಿನ ಯಾವುದೋ ಮೂಲೆಯವರು ಹಾಕಿದ 'ನನಗೂ ಇದೇ ಸಮಸ್ಯೆ' ಅನ್ನುವ ಕಮೆಂಟ್ ಕೂಡ. ಅವನಿಗೆ ಬೇಕಿದ್ದದ್ದು ಹೊಸ ಆವೃತ್ತಿ ಬಂದರೆ ತಿಳಿಯಬೇಕು ಅಂತ ಮಾತ್ರ. ಅದಕ್ಕೆ 'ಕಸ್ಟಮ್' ಒತ್ತಿ 'ರಿಲೀಸಸ್'ಗೆ ಟಿಕ್ ಹಾಕಿದರೆ ಸಾಕು.

ನನಗೆ ಇಷ್ಟವಾದದ್ದು ಬೇರೆಯೇ. ಪ್ರತಿ ನೋಟಿಫಿಕೇಶನ್ ಜೊತೆ ಅದು ನಿನಗೆ ಯಾಕೆ ಬಂತು ಅಂತ ಕಾರಣವೂ ಬರುತ್ತದೆ. ನಿನ್ನ ಹೆಸರು ಕರೆದಿದ್ದಾರೆ, ಕೋಡ್ ನೋಡಿಕೊಡು ಅಂದಿದ್ದಾರೆ, ಕೆಲಸ ನಿನ್ನ ತಲೆಗೆ ಕಟ್ಟಿದ್ದಾರೆ, ಅಥವಾ ಸುಮ್ನೆ ನೀನು ಆ ರೆಪೊ ನೋಡುತ್ತಿದ್ದೀ ಅಷ್ಟೇ. ಮೇಲ್‌ನಲ್ಲಿ ಬಂದರೂ ಈ ಕಾರಣ ಸಿಸಿ ಸಾಲಿನ ವಿಳಾಸದಲ್ಲೇ ಇರುತ್ತದೆ. ಹಾಗಾಗಿ ಜಿಮೇಲ್‌ನಲ್ಲಿ ಫಿಲ್ಟರ್ ಹಾಕಿ, ರಿವ್ಯೂ ಕೇಳಿದ್ದನ್ನು ಒಂದು ಕಡೆ, ಉಳಿದ ಗಲಾಟೆಯನ್ನೆಲ್ಲ ಇನ್ನೊಂದು ಕಡೆ ತಳ್ಳಬಹುದು. ಬೆಳಿಗ್ಗೆ ನಾನು ಮೊದಲು ತೆರೆಯುವುದು ಆ ರಿವ್ಯೂ ಲೇಬಲ್ ಮಾತ್ರ. ಉಳಿದದ್ದು ಚಾ ಆದ ಮೇಲೆ.

ಇದರ ಬೆಲೆ ಗೊತ್ತಾಗಬೇಕಾದರೆ ನನ್ನ ಮಗಳ ಶಾಲೆಯ ಆ್ಯಪ್ ನೋಡಬೇಕು ಮಾರಾಯ್ರೆ. ಯಾವ ಶಾಲೆ, ಯಾವ ಆ್ಯಪ್ ಅಂತ ಕೇಳಬೇಡಿ. ಜುಲೈ ತಿಂಗಳ ಮಳೆ, ರಜೆ ಉಂಟಾ ಇಲ್ವಾ ಅಂತ ಮನೆಯಲ್ಲಿ ಎಲ್ಲರೂ ಕಾಯುತ್ತಿರುತ್ತೇವೆ, ಡಿಸಿಯವರು ಘೋಷಣೆ ಮಾಡಿದ್ರಾ ಅಂತ. ಆಗ ಆ್ಯಪ್ ಟಣ್ ಅನ್ನುತ್ತದೆ. ನೋಡಿದರೆ 'ಹೊಸ ಸಂದೇಶವಿದೆ' ಅಂತ ಮಾತ್ರ. ಒಳಗೆ ಹೋಗಿ, ಪಾಸ್‌ವರ್ಡ್ ಹಾಕಿ, ಚಕ್ರ ತಿರುಗುವುದನ್ನು ನೋಡಿ ಕೂತರೆ ಕೊನೆಗೆ ಬರುವುದು ಫೀಸ್ ನೆನಪೋಲೆ! ರಜೆಗೂ ಅದೇ ಸದ್ದು, ಫೀಸಿಗೂ ಅದೇ ಸದ್ದು, ಯಾರದೋ ಹುಟ್ಟುಹಬ್ಬಕ್ಕೂ ಅದೇ. ಆಂಡ್ರಾಯ್ಡ್ 8 ಬಂದ 2017ರಿಂದಲೇ ನೋಟಿಫಿಕೇಶನ್‌ಗಳನ್ನು ಬೇರೆ ಬೇರೆ ಚಾನೆಲ್ ಮಾಡಿ ಕೊಡಲು ಆ್ಯಪ್ ಮಾಡುವವರಿಗೆ ದಾರಿ ಉಂಟು, ಹಾಗೆ ಮಾಡಿದರೆ ಫೀಸಿನದ್ದನ್ನು ಮಾತ್ರ ನಾವು ಬಾಯಿ ಮುಚ್ಚಿಸಬಹುದು. ಇವರು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ್ದಾರೆ. ಬಂದ್ ಮಾಡಿದರೆ ರಜೆಯ ಸುದ್ದಿಯೂ ಬಂದ್.

ಗಿಟ್‌ಹಬ್‌ನಲ್ಲಿ ಇನ್ನೊಂದು ಸಣ್ಣ ಚಮತ್ಕಾರ ಉಂಟು. ಮೇಲ್‌ನಲ್ಲಿ ಓದಿದ್ದು ವೆಬ್‌ನ ಇನ್‌ಬಾಕ್ಸ್‌ನಲ್ಲೂ ತಾನಾಗಿ 'ಓದಿದೆ' ಆಗುತ್ತದೆ. ಮೇಲ್ ಒಳಗೆ ಕಣ್ಣಿಗೆ ಕಾಣದ ಒಂದು ಚಿತ್ರ ಇಟ್ಟಿರುತ್ತಾರೆ, ಅದು ಲೋಡ್ ಆದರೆ ಓದಿದಂತೆ ಲೆಕ್ಕ. ಮೇಲ್‌ನಲ್ಲಿ ಚಿತ್ರಗಳನ್ನು ತಡೆದಿಟ್ಟವರಿಗೆ ಇದು ನಡೆಯುವುದಿಲ್ಲ, ಅವರು ಒಂದೇ ವಿಷಯವನ್ನು ಎರಡು ಕಡೆ ಓದಿ ಒದ್ದಾಡುತ್ತಿರುತ್ತಾರೆ. ನಮ್ಮಲ್ಲೇ ಅಂಥವರು ಇದ್ದಾರೆ.

ಮೇಲ್‌ಗೆ ಉತ್ತರ ಬರೆದರೆ ಅದೇ ಕಮೆಂಟ್ ಆಗಿ ಹೋಗುತ್ತದೆ, ಅದೂ ಒಳ್ಳೆಯದೇ. ಒಂದು ಚರ್ಚೆ ಸಾಕು ಅನಿಸಿದರೆ 'ಅನ್‌ಸಬ್‌ಸ್ಕ್ರೈಬ್' ಒತ್ತಬಹುದು, ಆದರೆ ಯಾರಾದರೂ ಮತ್ತೆ ನಿಮ್ಮ ಹೆಸರು ಕರೆದರೆ ಪುನಃ ಎಳೆದುಕೊಂಡು ಬರುತ್ತದೆ. ಕೆಲವರಿಗೆ ಇದು ಕಿರಿಕಿರಿ. ನನಗೆ ಸರಿ ಅನಿಸುತ್ತದೆ. ಹೆಸರು ಹಿಡಿದು ಕರೆದ ಮೇಲೆ ತಿರುಗಿ ನೋಡಬೇಕಲ್ವಾ? ಹಾಗಂತ ಕರೆಯುವುದೂ ತೀರಾ ಸುಲಭವಾಗಿದೆ, 'ಅಟ್' (@) ಗುರುತು ಹಾಕಿ ಹೆಸರು ಬರೆದರೆ ಆಯಿತು. ಜಾವಾ ಭಾಷೆಯ ಕೋಡನ್ನು ಬ್ಯಾಕ್‌ಟಿಕ್ (ಇದು ಕೋಡ್ ಅಂತ ತೋರಿಸುವ ` ಗುರುತು) ಹಾಕದೆ ಸಾರ್ವಜನಿಕ ರೆಪೊದ ಕಮೆಂಟ್‌ಗೆ ಅಂಟಿಸಿದರೆ, ಅದರಲ್ಲಿ 'ಅಟ್' ಗುರುತು ಆದ ಕೂಡಲೇ ಬರುವ ಪದದ ಹೆಸರಲ್ಲಿ ಖಾತೆ ಇದ್ದವರಿಗೆ ಗಂಟೆ ಹೊಡೆಯುತ್ತದೆ. ಪಾಪ, ಅವರಿಗೂ ನಮ್ಮ ಪ್ರಾಜೆಕ್ಟಿಗೂ ಎಂಥ ಸಂಬಂಧ!

ಕೊರತೆ ಇಲ್ಲ ಅಂತಲ್ಲ. ಇನ್‌ಬಾಕ್ಸ್‌ನಲ್ಲಿ ರೆಪೊ, ಕಾರಣ ಇವುಗಳಿಂದ ಸೋಸಬಹುದು, 15ರವರೆಗೆ ನಮ್ಮದೇ ಫಿಲ್ಟರ್ ಇಟ್ಟುಕೊಳ್ಳಬಹುದು, ಆದರೆ 'ಆವತ್ತು ಲಾಗಿನ್ ಬಗ್ಗೆ ಏನೋ ಬಂದಿತ್ತಲ್ಲ' ಅಂತ ಪದ ಹಾಕಿ ಹುಡುಕಲು ಹೋದರೆ ಆಗುವುದಿಲ್ಲ. ಅದಕ್ಕೇ ನಾನು ಮೇಲ್ ಬಿಟ್ಟಿಲ್ಲ. ಫೋನಿನ ಆ್ಯಪ್‌ನಲ್ಲಿ ಕೆಲಸದ ಸಮಯ ಹೊಂದಿಸಿಟ್ಟರೆ ರಾತ್ರಿ ತೊಂದರೆ ಇಲ್ಲ, ಇದನ್ನು ಎಲ್ಲರೂ ಮೊದಲ ದಿನವೇ ಮಾಡಬೇಕು. ಇನ್ನೊಂದು, 'ಸೇವ್' ಒತ್ತದ ನೋಟಿಫಿಕೇಶನ್ 5 ತಿಂಗಳಿಗೆ ಹೋಗಿಬಿಡುತ್ತದೆ. ಹಳೆಯದರ ಸೇವ್ ತೆಗೆದರೂ ಒಂದು ದಿನದೊಳಗೆ ಮಾಯ, ಇನ್‌ಬಾಕ್ಸ್ ಗುಡಿಸಲು ಹೊರಟವರು ಅದನ್ನು ನೋಡಿಕೊಂಡೇ ಒತ್ತಿ.