ಸಿಂಗಾಪುರದ ಎರಡು ತೋಟ: ಹೂ ಬೆಳೆಯೋರು ಮೊದಲು ಯಾವುದನ್ನ ನೋಡಬೇಕು?

ಸಿಂಗಾಪುರಕ್ಕೆ ಹೊರಟಿದ್ದೀವಿ, ಏನು ನೋಡೋದು ಅಂತ ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ಯಾರು ಕೇಳಿದರೂ ನಾನು ಎರಡು ತೋಟಗಳ ಹೆಸರು ಹೇಳುತ್ತೇನೆ. ಒಂದು 1859ರಲ್ಲಿ ಶುರುವಾದ ಬೊಟಾನಿಕ್ ಗಾರ್ಡನ್ಸ್. ಇನ್ನೊಂದು ಸಮುದ್ರ ತುಂಬಿಸಿದ ಜಾಗದಲ್ಲಿ ಕಟ್ಟಿ 2012ರಲ್ಲಿ ತೆರೆದ ಗಾರ್ಡನ್ಸ್ ಬೈ ದ ಬೇ. ಸೆಂಟೋಸಾ ದ್ವೀಪ, ಶಾಪಿಂಗ್ ಎಲ್ಲ ಆಮೇಲೆ. ಸೇವಂತಿಗೆ, ಗುಲಾಬಿ ನಂಬಿಕೊಂಡಿರುವ ನಮಗೆ ಇವೇ ಮುಖ್ಯ.

ಒಂದಕ್ಕೆ ಮಾತ್ರ ಹೊತ್ತಿದ್ದರೆ ಬೊಟಾನಿಕ್ ಗಾರ್ಡನ್ಸ್‌ಗೇ ಹೋಗಿ. ಬೆಳಗ್ಗೆ 5ರಿಂದ ರಾತ್ರಿ 12ರವರೆಗೆ ತೆಗೆದಿರುತ್ತೆ, ಟಿಕೆಟ್ ಇಲ್ಲ. ಬಿಸಿಲೇರುವ ಮುಂಚೆ ಹೋಗಬೇಕು. ನಮ್ಮ ಕಡೆ ಒಣ ಬಿಸಿಲು, ನೆರಳಿಗೆ ಬಂದರೆ ತಂಪು. ಅಲ್ಲಿ ನೆರಳಲ್ಲೂ ಬೆವರು ಇಳಿಯುತ್ತಲೇ ಇರುತ್ತೆ.

ಒಳಗಿರುವ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್ ಇದೆ, ಅದನ್ನ ಬಿಡಬೇಡಿ. ಅಲ್ಲಿ ವಾಂಡಾ ಅನ್ನುವ ಆರ್ಕಿಡ್ ಗಿಡದ ಬೇರನ್ನ ಹತ್ತಿರದಿಂದ ನೋಡಿ. ಪೆನ್ಸಿಲ್ ದಪ್ಪ, ಬೂದಿ ಬಣ್ಣ, ಗಾಳಿಯಲ್ಲೇ ಜೋತಾಡುತ್ತಿರುತ್ತೆ. ನೀರು ಬಿದ್ದ ಕಡೆ ಮಾತ್ರ ಹಸಿರಾಗುತ್ತೆ. ಮಣ್ಣು, ಗೊಬ್ಬರ, ಡ್ರಿಪ್ ಅಂತಲೇ ಬೆಳೆದ ನಮ್ಮ ಅಪ್ಪ ಅದರ ಮುಂದೆಯೇ ನಿಂತುಬಿಟ್ಟರು, ಕರೆದರೂ ಬರಲಿಲ್ಲ.

ಇನ್ನೊಂದು ವಿಷಯ. ರಬ್ಬರ್ ಮರ ಸಾಯದ ಹಾಗೆ ತೊಗಟೆ ಗೀರಿ ಹಾಲು ತೆಗೆಯುವ ವಿಧಾನವನ್ನ ಇದೇ ಬೊಟಾನಿಕ್ ಗಾರ್ಡನ್ಸ್‌ನಲ್ಲಿ ಅದರ ನಿರ್ದೇಶಕರಾಗಿದ್ದ ಹೆನ್ರಿ ರಿಡ್ಲಿ ಪ್ರಯೋಗ ಮಾಡಿ ತೋರಿಸಿದರು. ಮಲಯಾದ (ಈಗಿನ ಮಲೇಷ್ಯಾ ಕಡೆಯ) ರಬ್ಬರ್ ತೋಟಗಳು ಬೆಳೆದದ್ದು ಅದರ ಮೇಲೆ. 2015ರಲ್ಲಿ ಯುನೆಸ್ಕೋ ಬೊಟಾನಿಕ್ ಗಾರ್ಡನ್ಸನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಬೇಕಾದ್ದೇ ಅಲ್ವಾ?

ಗಾರ್ಡನ್ಸ್ ಬೈ ದ ಬೇ ಬೇರೆ ಥರ. ಅಲ್ಲಿ ದುಡ್ಡು ಕೊಟ್ಟು ನೋಡುವ ಎರಡು ದೊಡ್ಡ ಗಾಜಿನ ಮನೆಗಳಿವೆ. ಫ್ಲವರ್ ಡೋಮ್‌ನಲ್ಲಿ ತಂಪಾದ ಒಣ ಹವೆ. ಚೆನ್ನಾಗಿದೆ, ಆದರೆ ಪಾಲಿಹೌಸ್ ನೋಡಿದ ಕಣ್ಣಿಗೆ ಅಷ್ಟೇನೂ ಹೊಸದು ಅನಿಸಲ್ಲ. ಇನ್ನೊಂದು ಗಾಜಿನ ಮನೆ ಕ್ಲೌಡ್ ಫಾರೆಸ್ಟ್ ಹಾಗಲ್ಲ. ಬಾಗಿಲಲ್ಲೇ 35 ಮೀಟರ್ ಎತ್ತರದಿಂದ ನೀರು ಬೀಳುತ್ತೆ, ಮುಖಕ್ಕೆ ತಣ್ಣನೆ ಹನಿ ಹೊಡೆಯುತ್ತೆ. ಒಳಗೆ ಕಟ್ಟಿರುವ ಬೆಟ್ಟದ ಮೇಲಕ್ಕೆ ಲಿಫ್ಟ್‌ನಲ್ಲಿ ಹೋಗಿ ಇಳಿಯುತ್ತಾ ನೋಡೋದರಿಂದ ಮಂಡಿನೋವಿನ ಅಮ್ಮನಿಗೂ ಕಷ್ಟ ಆಗಲಿಲ್ಲ. ಹುಳ ಹಿಡಿಯುವ ಹೂಜಿ ಗಿಡಗಳು ಮೇಲುಗಡೆಯೇ ಇವೆ. ಎರಡರಲ್ಲಿ ಒಂದನ್ನೇ ನೋಡೋದಾದರೆ ಇದನ್ನೇ ನೋಡಿ.

ಇದೇ ತೋಟದಲ್ಲಿರುವ ಸೂಪರ್‌ಟ್ರೀ ಅನ್ನುವ ಉಕ್ಕು-ಕಾಂಕ್ರೀಟಿನ ಮರಗಳ ಕೆಳಗೆ ಓಡಾಡೋಕೆ ದುಡ್ಡಿಲ್ಲ. ಮೈತುಂಬ ನಿಜವಾದ ಬಳ್ಳಿ, ಜರೀಗಿಡ ಹಬ್ಬಿಸಿದ್ದಾರೆ. ಸಂಜೆ 7.45ಕ್ಕೆ, ಮತ್ತೆ 8.45ಕ್ಕೆ ಬೆಳಕಿನ ಆಟ. ಮಕ್ಕಳಿಗೆ ಅದೇ ಜಾಸ್ತಿ ಇಷ್ಟ ಆಯ್ತು. ನೆಲದ ಮೇಲೆ ಮಲಗಿ ನೋಡಿದರೆ ಕತ್ತು ನೋಯಲ್ಲ. ಆ ಮರಗಳ ನಡುವೆ ಮೇಲೆ ಕಟ್ಟಿರುವ ಸೇತುವೆಗೆ ಬೇರೆ ಟಿಕೆಟ್. ನೋಟ ಚೆನ್ನಾಗಿದೆ, ಬಿಟ್ಟರೂ ನಷ್ಟವಿಲ್ಲ.

ಎರಡನ್ನೂ ಒಂದೇ ದಿನ ಮುಗಿಸಬಹುದು. ಬೆಳಗ್ಗೆ ಬೊಟಾನಿಕ್, ಬಿಸಿಲ ಹೊತ್ತಿಗೆ ಕ್ಲೌಡ್ ಫಾರೆಸ್ಟ್, ಕತ್ತಲಾದ ಮೇಲೆ ಬೆಳಕು. ಗಾಜಿನ ಮನೆಗಳನ್ನ ರಿಪೇರಿ ಕೆಲಸಕ್ಕೆ ಆಗಾಗ ಒಂದೊಂದು ದಿನ ಮುಚ್ಚುತ್ತಾರೆ. ತಾರೀಕು ನೋಡಿಕೊಂಡೇ ಟಿಕೆಟ್ ಮಾಡಿಸಿ.