ಸಪ್ತಾಪುರದ ಮೇಲ್ಮಹಡಿ ಮನೆ: ಎಂಟು ತಿಂಗಳಾದ ಮೇಲೆ

ಬೆಂಗಳೂರಿನ ಬಾಡಿಗೆ ಕಟ್ಟಿ ಕಟ್ಟಿ ಸುಸ್ತಾಗಿದ್ದೆ. ಆಫೀಸು ಹೇಗೂ ಲ್ಯಾಪ್‌ಟಾಪ್‌ನಲ್ಲೇ ಇದೆ ಅಂತ ಧಾರವಾಡದ ಸಪ್ತಾಪುರಕ್ಕೆ ಬಂದೆ. ಒಂದು ಬೆಡ್‌ರೂಮ್, ಬಾಡಿಗೆ 8,500, ಅಡ್ವಾನ್ಸ್ 30,000. ಫೈಬರ್ ಇಂಟರ್ನೆಟ್ ಚೆನ್ನಾಗಿದೆ. ಆದರೆ ಕರೆಂಟು ಹೋದರೆ ರೂಟರ್ ಕೂಡ ಮಲಗುತ್ತದೆ. ಮೊದಲ ಮಳೆಗೇ ಮೀಟಿಂಗ್ ನಡುವೆ ನಾನು ಮಾಯ! ‘ಇನ್ವರ್ಟರ್ ಇದೆ’ ಅಂದಿದ್ದ ಮಾಲೀಕರು, ಅದು ಕೆಳಗಿನ ಮನೆಗೆ ಮಾತ್ರ ಅಂತ ಹೇಳಿರಲಿಲ್ಲ. ನಾನೇ ಕೇಳಬೇಕಿತ್ತು, ಅಲ್ವಾ? ಮರುದಿನವೇ ರೂಟರ್‌ಗೆ ಪುಟ್ಟ ಯುಪಿಎಸ್ ತಂದೆ.

ಸುತ್ತ ಕೋಚಿಂಗ್ ಸೆಂಟರ್‌ಗಳು. ಸಂಜೆ ಗದ್ದಲ ಜಾಸ್ತಿ, ಆದರೆ ಖಾನಾವಳಿ ರೊಟ್ಟಿಗೆ ಕೊರತೆಯಿಲ್ಲ. ಬೆಂಗಳೂರಿಗೆ 2023ರಿಂದ ವಂದೇ ಭಾರತ್ ಓಡುತ್ತಿದೆ. ನಾನು ಮಾತ್ರ ರಾತ್ರಿ ರೈಲಿನ ಸ್ಲೀಪರ್‌ನಲ್ಲೇ ಹೋಗುತ್ತೇನೆ. ಉಳಿದ ದುಡ್ಡು ಲೈನ್ ಬಜಾರ್ ಪೇಡೆಗೆ.