ಧಾರವಾಡದ ಕ್ಯಾಂಪಸ್ ಹಾಸ್ಟೆಲ್: ರೊಟ್ಟಿಗೆ ಫುಲ್ ಮಾರ್ಕ್ಸ್, ಬಿಸಿನೀರಿಗೆ ಸೊನ್ನೆ

ನಮ್ಮೂರು ರಾಣೆಬೆನ್ನೂರು. ಧಾರವಾಡದ ನಮ್ಮ ಕಾಲೇಜಿನ ಲೇಡೀಸ್ ಹಾಸ್ಟೆಲ್‌ನಲ್ಲಿ ಇದು ನನ್ನ ಎರಡನೇ ವರ್ಷ. ಹೆಸರು ಹೇಳಲ್ಲ, ವಾರ್ಡನ್ ಮೇಡಂ ಫೋನ್ ನೋಡ್ತಾರೆ!

ಮೊದಲು ಊಟ. ಮೆಸ್ಸಿನಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಕೆನೆಮೊಸರು ಇದ್ದ ದಿನ ಯಾರೂ ಹೊರಗೆ ಹೋಗುವುದಿಲ್ಲ. "ತಂಗಿ, ಇನ್ನೊಂದು ಹಾಕ್ಲೇನ?" ಅಂತ ಅಕ್ಕ ಕೇಳುವಾಗಲೇ ರೊಟ್ಟಿ ತಟ್ಟೆಗೆ ಬಿದ್ದಿರುತ್ತದೆ. ಬೆಳಗಿನ ಉಪ್ಪಿಟ್ಟು ಮಾತ್ರ ಗಟ್ಟಿ. ಚಮಚ ಚುಚ್ಚಿದರೆ ನೆಟ್ಟಗೆ ನಿಲ್ಲುತ್ತದೆ.

ಈಗ ಗೋಳು. ಬಿಸಿನೀರಿಗೆ ಇರುವುದು ಸೋಲಾರ್ ಒಂದೇ. ಜುಲೈನಲ್ಲಿ ಇಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಸೂರ್ಯನ ಮುಖ ಕಾಣುವುದಿಲ್ಲ. ಇನ್ನು ಬಿಸಿನೀರು ಎಲ್ಲಿಂದ ಬರಬೇಕು? ಬಟ್ಟೆಯೂ ಒಣಗುವುದಿಲ್ಲ. ರೂಮಿನ ತುಂಬ ಹಗ್ಗ ಕಟ್ಟಿ, ಮೂವರೂ ತಲೆ ಬಗ್ಗಿಸಿಯೇ ಓಡಾಡುತ್ತೇವೆ. ಗೋಡೆಯ ತೇವದ ಬಗ್ಗೆ ಮೂರು ಸಲ ಅರ್ಜಿ ಕೊಟ್ಟೆವು. ಬಂದವರು ಸುಣ್ಣ ಬಳಿದು ಹೋದರು. ಹದಿನೈದು ದಿನಕ್ಕೆ ಕಲೆ ವಾಪಸ್.

ಗೇಟು ರಾತ್ರಿ 8ಕ್ಕೆ ಬಂದ್. ಲೈನ್ ಬಜಾರಿಗೆ ಪೇಢಾ ತರಲು ಹೋದರೂ ಗಡಿಯಾರ ನೋಡುತ್ತಲೇ ಕ್ಯೂ ನಿಲ್ಲಬೇಕು. ವೈಫೈ? ಸುಮ್ನೆ ಹೆಸರಿಗೆ.

ಹಾಗಂತ ಬಿಟ್ಟು ಹೋಗ್ತೀನಾ? ಇಲ್ಲ. ನನ್ನ ಗೆಳತಿ ದಿನಾ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಸುಮಾರು 20 ಕಿಲೋಮೀಟರ್ ಬರುತ್ತಾಳೆ. ಅವಳು ಬಸ್ ಹತ್ತುವ ಹೊತ್ತಿಗೆ ನಾನಿನ್ನೂ ಹಾಸಿಗೆಯಲ್ಲೇ ಇರುತ್ತೇನೆ. ಹೊಸದಾಗಿ ಸೇರುವವರು ಒಂದು ಬಕೆಟ್ ಜಾಸ್ತಿ ತನ್ನಿ, ಮೇಲೆ ಹೆಸರು ಬರೆಯಿರಿ. ನನ್ನವು ಎರಡು ಹೋಗಿವೆ.